ರಾಯರನ್ನು ಇಳಿಸುವ ತಾಲೀಮು

ಶಾಲೆ ಬಿಟ್ಟು ರವಿವಾರ ಪೇಠೆಯ ವಾಡೆಯ ಬಾಗಿಲಿಗೆ ಬರುವ ಹೊತ್ತಿಗೆ ಶಾಮಲಾಳ ಮೈಯಲ್ಲಿ ಉಳಿದಿರುತ್ತಿದ್ದುದು ಎರಡು ಮಾಳಿಗೆ ಹತ್ತುವಷ್ಟು ಕಸುವು ಮಾತ್ರ. ಅದನ್ನೂ ಹಾದಿಯುದ್ದಕ್ಕೂ ಜೋಪಾನ ಮಾಡಿಕೊಂಡೇ ಬರಬೇಕಾಗುತ್ತಿತ್ತು. ಮೇಲೆ ಅಪ್ಪ ಇದ್ದರು. ಅವರಿಗೆ ಚಹಾ ಆಗಬೇಕು, ಮಗ್ಗಲು ಬದಲಿಸಬೇಕು, ಅನ್ನಕ್ಕೆ ಇಡಬೇಕು. ಅನ್ನ ಬೇಯುವುದರೊಳಗೆ ಕೆಳಗಿನ ಒಳಂಗಳದ ಚೌಕದಲ್ಲಿ ಪಕ್ಕದ ಮನೆಯ ಹುಡುಗಿ ಅಂಬಾ ಸೀಟಿ ಊದಿಬಿಡುತ್ತಿದ್ದಳು. ಸೀಟಿ ಕೇಳಿದರೆ ತೋಳಿಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಇಳಿಯಬೇಕು. ಸಾವಿರದ ಒಂಬೈನೂರ ನಲವತ್ತೆರಡರ ಬೇಸಿಗೆ ಅದು. ಬರ್ಮಾ ಜಪಾನಿಯರ ಕೈಸೇರಿತ್ತು. ಮುಂಬಯಿಯ ಮಂದಿ ಗಂಟುಮೂಟೆ ಕಟ್ಟಿಕೊಂಡು ಪುಣೆಗೆ ಬರುತ್ತಿದ್ದರು. ಪುಣೆಯ ಮಂದಿ ತಾವೆಲ್ಲಿಗೆ ಹೋಗಬೇಕೆಂದು ತಿಳಿಯದೆ ಕಿಟಕಿಗಳಿಗೆ ಕರಿ ಕಾಗದ ಅಂಟಿಸಿಕೊಂಡು ಕೂತಿದ್ದರು.

ಬಾಂಬು ಬಿದ್ದರೆ ಏನು ಮಾಡಬೇಕೆಂದು ವಾಡೆಯ ಹುಡುಗ ಹುಡುಗಿಯರಿಗೆ ಕಲಿಸುವ ಕೆಲಸ ಶಾಮಲಾಳ ಪಾಲಿಗೆ ಬಂದದ್ದು ಅವಳಿಗೆ ಧೈರ್ಯ ಹೆಚ್ಚಿತ್ತೆಂದಲ್ಲ, ಒಲ್ಲೆ ಎನ್ನಲು ಬಾಯಿ ಬರುತ್ತಿರಲಿಲ್ಲವೆಂದು. ವಿಮಾನದಾಳಿಯ ಮುನ್ನೆಚ್ಚರಿಕೆಯ ಎ.ಆರ್.ಪಿ. ತರಬೇತಿಗೆ ಶಾಲೆಯಿಂದ ಒಬ್ಬರನ್ನು ಕಳಿಸಿ ಎಂದು ಮೇಲಿನವರು ಕೇಳಿದಾಗ ಉಳಿದ ಶಿಕ್ಷಕಿಯರು ಒಬ್ಬೊಬ್ಬರಾಗಿ ಕಾರಣ ಹೇಳಿದರು. ಶಾಮಲಾ ಕಾರಣ ಹುಡುಕುವುದರೊಳಗೆ ಮುಖ್ಯಾಧ್ಯಾಪಕಿ ಅವಳ ಹೆಸರು ಬರೆದಾಗಿತ್ತು. ಗಾಯಕ್ಕೆ ಪಟ್ಟಿ ಕಟ್ಟುವುದು, ಬೆಂಕಿಗೆ ಮರಳು ಹಾಕುವುದು, ಸ್ಟ್ರೆಚರ್ ಹೊರುವುದು ಎಲ್ಲ ಕಲಿತು ಬಂದಳು. ಪೇಠೆಯ ಮುಖ್ಯ ವಾರ್ಡನ್ ಪಂಢರಿನಾಥರಾವ್ ಅವಳ ಕೈಗೊಂದು ಸೀಟಿ ಕೊಟ್ಟು, ನಿಮ್ಮ ವಾಡೆ ನಿಮ್ಮ ಜವಾಬ್ದಾರಿ ಬಾಯಿ, ಎಂದು ಮರಾಠಿಯಲ್ಲಿ ಹೇಳಿ ಹೋದರು. ನಾಲ್ಕು ಜನರ ಎದುರಿಗೆ ಸೀಟಿ ಊದುವುದು ಶಾಮಲಾಳಿಂದ ಆಗದ ಮಾತು. ಅದನ್ನು ಪಕ್ಕದ ಖೋಲಿಯ ಅಂಬಾಗೆ ಕೊಟ್ಟಳು. ಅಂಬಾ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಊದಿದಳು.

ವಾಡೆ ಬೆಲ್ಲದ ವ್ಯಾಪಾರಿ ಮಲಕಪ್ಪನದು. ವಿಜಾಪುರದ ಕಡೆಯ ಲಿಂಗಾಯತರು. ಅವನ ಅಜ್ಜನ ಕಾಲಕ್ಕೆ ಪುಣೆಗೆ ಬಂದವರು. ಬಾಡಿಗೆಗೆ ಇದ್ದವರೂ ಹೆಚ್ಚಾಗಿ ಕನ್ನಡದವರೇ. ಕೆಳಗೆ ಚೌಕದ ಸುತ್ತ ಬೆಲ್ಲದ ಕೋಣೆಗಳು ಮತ್ತು ಬೆಳಗಾವಿ ಕಡೆಯ ದರ್ಜಿಯ ಮನೆ. ಮೊದಲ ಮಾಳಿಗೆಯಲ್ಲಿ ಮಲಕಪ್ಪ, ಅವನ ತಾಯಿ ಶಿವಬಸವ್ವ, ಮಗ ಹೊಳಬಸಪ್ಪ. ಅದರ ಮೇಲಿನ ಮಾಳಿಗೆಯಲ್ಲಿ ಧಾರವಾಡದ ಬ್ರಾಹ್ಮಣರ ಎರಡು ಮನೆ: ಅಂಬಾಳದೊಂದು, ಶಾಮಲಾಳದೊಂದು.

ಶಾಮಲಾಳ ತಂದೆ ಮಾರ್ತಾಂಡರಾಯರು ರೈಲ್ವೆ ಕಚೇರಿಯಲ್ಲಿ ಕಾರಕೂನರಾಗಿದ್ದವರು. ಮೂರು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಎಡಮೈ ಸ್ವಾಧೀನ ತಪ್ಪಿದ ಮೇಲೆ ಕೆಳಗೆ ಇಳಿದಿರಲಿಲ್ಲ. ಮೇಲಿನ ಮಾಳಿಗೆಯ ಮೆಟ್ಟಿಲು ಏಣಿಗೆ ಅಣ್ಣ, ಮೆಟ್ಟಿಲಿಗೆ ತಮ್ಮ ಎನ್ನುವಂಥದು. ನಟ್ಟನಡುವೆ ತೊಲೆಯಿಂದ ಒಂದು ಹಗ್ಗ ಇಳಿಬಿಟ್ಟಿತ್ತು. ಅದನ್ನು ಹಿಡಿದು ಹತ್ತಬೇಕು, ಅದನ್ನು ಹಿಡಿದು ಇಳಿಯಬೇಕು. ಒಂದೇ ಕೈಯವರಿಗೆ ಹಗ್ಗ ಹಿಡಿದರೆ ಗೋಡೆ ಇಲ್ಲ, ಗೋಡೆ ಹಿಡಿದರೆ ಹಗ್ಗ ಇಲ್ಲ.

ತಾಲೀಮಿನ ಮೊದಲ ವಾರ ಎಲ್ಲ ಚೆನ್ನಾಗಿ ನಡೆಯಿತು. ಹುಡುಗರು ಬಕೀಟಿನಲ್ಲಿ ಮರಳು ತಂದರು, ಒಬ್ಬರಿಗೊಬ್ಬರು ಕೈಗೆ ಪಟ್ಟಿ ಕಟ್ಟಿದರು. ಸ್ಟ್ರೆಚರ್ ಬಂದಾಗ ಗ್ರಹಚಾರ ಶುರುವಾಯಿತು. ಖರೇ ಸ್ಟ್ರೆಚರ್ ಎಲ್ಲಿಂದ ಬರಬೇಕು? ಎರಡು ಬಿದಿರು, ನಡುವೆ ಕಂಬಳಿ, ಸುತ್ತ ಹಗ್ಗ. ಪುಸ್ತಕದಲ್ಲಿ ಹಾಗೇ ಇತ್ತು. ಚೌಕದಲ್ಲಿ ಅದನ್ನು ಕಟ್ಟಿ ಮುಗಿಸಿದಾಗ ಎಲ್ಲರೂ ಒಂದು ಗಳಿಗೆ ಸುಮ್ಮನೆ ನಿಂತರು. ಮಲಗಲು ಒಬ್ಬರೂ ಮುಂದೆ ಬರಲಿಲ್ಲ.

ಕಡೆಗೆ ದರ್ಜಿಯ ಮಗ ಫಕೀರಪ್ಪ, ಯಾವುದನ್ನೂ ನಗೆಗೀಡು ಮಾಡದೆ ಬಿಡದವನು, ನಾನು ಮಲಗತೀನಿ ಎಂದ. ಮಲಗಿದ, ಕೈ ಎದೆಯ ಮೇಲೆ ಜೋಡಿಸಿಕೊಂಡ, ಕಣ್ಣು ಮೇಲೆ ಮಾಡಿ ನಾಲಿಗೆ ಹೊರಗೆ ಹಾಕಿದ. ಗಾಯಾಳುವನ್ನು ಕಾಲು ಮುಂದಾಗಿ ಒಯ್ಯಬೇಕೆಂಬುದು ಪುಸ್ತಕದ ನಿಯಮ. ನಾಲ್ಕು ಮಂದಿ ಹೆಗಲು ಕೊಟ್ಟು ಕಾಲು ಮುಂದಾಗಿ ಬಾಗಿಲತ್ತ ನಡೆದರು. ಅದೇ ಹೊತ್ತಿಗೆ ಅವನ ತಾಯಿ ಗೌರಾಬಾಯಿ ನಳದಿಂದ ಕೊಡ ತುಂಬಿಕೊಂಡು ಒಳಗೆ ಬಂದಳು. ಕೊಡ ಕೈಬಿಟ್ಟಿತು. ಫಕೀರಪ್ಪ ಎದ್ದು ಕೂತು ಹಲ್ಲು ಕಿರಿದ. ಅದರಿಂದ ಏನೂ ಪ್ರಯೋಜನವಾಗಲಿಲ್ಲ.

“ಹೆತ್ತಾಕಿ ನಾ ಇನ್ನ ಬದುಕೀನಿ,” ಎಂದಳು ಗೌರಾಬಾಯಿ. ಕೂಗಲಿಲ್ಲ; ಕೂಗಿದ್ದರೆ ಶಾಮಲಾಗೆ ಅಷ್ಟು ನಾಟುತ್ತಿರಲಿಲ್ಲ. “ನನ್ನ ಕಣ್ಣ ಮುಂದ ನನ್ನ ಮಗನ್ನ ಹೊರಸ್ತೀರೇನ್ರಿ, ಅಕ್ಕೋರ? ಬಿ.ಎ. ಒಳಗ ಇದನ್ನ ಕಲಸ್ತಾರೇನು?”

ಮಗನನ್ನು ಎಳೆದೊಯ್ದು ತಲೆಯ ಮೇಲೆ ನೀರು ಸುರಿದಳು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ವಾಡೆಯವರೆಲ್ಲ ಕೆಮ್ಮಿದರು. ಬದುಕಿದವರನ್ನು ಬಿದಿರಿನ ಮೇಲೆ ಮಲಗಿಸಬಾರದು ಎಂದು ಅಂಬಾಳ ತಾಯಿಯೂ ಮೇಲಿನಿಂದ ದನಿಗೂಡಿಸಿದಳು. ಅಂದಿನಿಂದ ಸ್ಟ್ರೆಚರ್ ಮೇಲೆ ಬೆಲ್ಲದ ಚೀಲ ಮಲಗಿತು. ಚೀಲ ನರಳುವುದಿಲ್ಲ, ಕೈ ಜಾರಿಸುವುದಿಲ್ಲ, ಹೆದರಿ ಎದ್ದು ಕೂಡುವುದಿಲ್ಲ. ಅದನ್ನು ಹೊತ್ತು ಹುಡುಗರು ಏನು ಕಲಿತಾರು? “ಅಕ್ಕೋರ, ಪೇಶಂಟಿಗೆ ಇರಿವಿ ಮುತ್ಯಾವ್ರಿ,” ಎಂದು ಫಕೀರಪ್ಪ ಗಂಭೀರವಾಗಿ ವರದಿ ಒಪ್ಪಿಸುತ್ತಿದ್ದ. ಶಾಮಲಾಗೆ ನಗಲೂ ತ್ರಾಣವಿರುತ್ತಿರಲಿಲ್ಲ.

ಹೀಗಿರುವಾಗ ಪಂಢರಿನಾಥರಾವ್ ಬಂದು ಹೊಸ ಹುಕುಂ ಹೇಳಿದರು. ಬರುವ ಆದಿತ್ಯವಾರ ತಪಾಸಣೆ. ಮೇಲಿನ ಮಾಳಿಗೆಗಳಲ್ಲಿ ಯಾರ್‍ಯಾರು ನಡೆಯಲಾರದವರು ಇದ್ದಾರೋ ಅವರನ್ನು ಕೆಳಗೆ ಇಳಿಸಿ ತೋರಿಸಬೇಕು. ಚೀಲವನ್ನಲ್ಲ, ಮನುಷ್ಯರನ್ನು. ತೋರಿಸಲಾಗದಿದ್ದರೆ ಅಂಥವರು ಮಳೆಗಾಲಕ್ಕೆ ಮೊದಲು ಊರು ಬಿಟ್ಟು ಹಳ್ಳಿಗೆ ಹೋಗಬೇಕು. ಮರದ ವಾಡೆ, ಒಂದು ಕಿಡಿ ಸಾಕು. ಹೆಣ ಎಣಿಸುವ ಕೆಲಸ ನನಗೆ ಬೇಡ ಬಾಯಿ, ಎಂದರು. ಅವರ ಮಾತಿನಲ್ಲಿ ಕೇಡು ಇರಲಿಲ್ಲ, ಅವರೂ ದಣಿದಿದ್ದರು. ಪೇಠೆಯ ಎಲ್ಲ ವಾಡೆಗಳ ಮೆಟ್ಟಿಲೂ ಅವರ ಮೊಣಕಾಲಿನಲ್ಲಿ ಕೂತಿದ್ದವು.

ವಾಡೆಯಲ್ಲಿ ಅಂಥವರು ಇಬ್ಬರೇ. ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಸರಿಯುವ ಶಿವಬಸವ್ವ, ಮತ್ತು ಮಾರ್ತಾಂಡರಾಯರು. ಶಿವಬಸವ್ವನಿಗೆ ಹೋಗಲು ಹತ್ತು ಊರು ಇದ್ದವು. ರಾಯರಿಗೆ ಸಾಸವಡದಲ್ಲಿ ದೂರದ ಸಂಬಂಧಿಯೊಬ್ಬನ ಪಡಸಾಲೆ. ಅಪ್ಪ ಅಲ್ಲಿಗೆ ಹೋದರೆ ಶಾಮಲಾ ಹೋಗಬೇಕು. ಶಾಮಲಾ ಹೋದರೆ ಶಾಲೆ ಹೋಯಿತು. ಶಾಲೆ ಹೋದರೆ ಆಮೇಲೆ ಅವಳು ಏನಾಗಿ ಉಳಿಯುವಳು ಎಂಬುದನ್ನು ಅವಳು ಯೋಚಿಸಲು ಹೋಗಲಿಲ್ಲ. ಯಾರದೋ ಪಡಸಾಲೆಯ ಮೂಲೆಯಲ್ಲಿ ಮದುವೆಯಾಗದ ಹೆಂಗಸು, ಅಷ್ಟೆ.

ಅಪ್ಪನಿಗೆ ಹೇಳಿದಳು. ಅವರು ಮಾಡಿನ ತೊಲೆ ನೋಡುತ್ತ ಕೇಳಿಸಿಕೊಂಡರು. ಬಾಯಿಯ ಅರ್ಧ ಭಾಗ ಮಾತ್ರ ಅವರ ಮಾತು ಕೇಳುತ್ತಿತ್ತು, ಹಾಗಾಗಿ ಮಾತು ಕಡಿಮೆ ಮಾಡಿದ್ದರು.

“ನಮ್ಮಪ್ಪನ್ನ ನಾನ ಕಟ್ಟೀನಿ, ಶಾಮಲಾ. ಆ ಬಿದಿರು, ಆ ಹಗ್ಗ, ಎಲ್ಲಾ ಗೊತ್ತದ ನನಗ. ಅದರ ಮ್ಯಾಲೆ ಒಂದ ಸಲಾ ಮಲಗೂದು. ತಾಲೀಮು ಬ್ಯಾಡ.”

ಬಾಂಬು ಬಿದ್ದರೆ ಎಂದು ಅವಳು ಕೇಳಿದಳು. ಬಿದ್ದರೆ ನೀ ಓಡು, ನನ್ನನ್ನು ಬಿಡು, ಎಂದರು. ಇಷ್ಟು ವರ್ಷ ನಿಮಗೆ ಗಂಜಿ ಕುಡಿಸಿದ್ದು ಬಿಟ್ಟು ಓಡುವುದಕ್ಕೇನು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವಳು ಆಡದೆ ಬಿಟ್ಟ ಮಾತುಗಳನ್ನೆಲ್ಲ ಕೂಡಿಹಾಕಿದ್ದರೆ ಆ ಮನೆಯಲ್ಲಿ ಇಬ್ಬರಿಗೆ ಕಾಲು ಚಾಚಲು ಜಾಗ ಉಳಿಯುತ್ತಿರಲಿಲ್ಲ.

ಉಪಾಯ ಹೊಳೆದದ್ದು ಶಾಲೆಯಲ್ಲಿ. ಕಾಲು ಉಳುಕಿಸಿಕೊಂಡ ಹುಡುಗಿಯೊಬ್ಬಳನ್ನು ಗೆಳತಿಯರು ಕುರ್ಚಿಯ ಮೇಲೆ ಕೂಡ್ರಿಸಿ, ಕುರ್ಚಿಯನ್ನೇ ಎತ್ತಿಕೊಂಡು ನಳದ ಕಡೆ ಹೋಗುತ್ತಿದ್ದರು. ಹುಡುಗಿ ಮಹಾರಾಣಿಯ ಹಾಗೆ ಕೈಬೀಸುತ್ತಿದ್ದಳು. ಶಾಮಲಾ ಕಿಟಕಿಯಲ್ಲಿ ನಿಂತು ನೋಡಿದಳು. ಕುರ್ಚಿ! ಕೂತವರನ್ನು ಹೊತ್ತರೆ ಯಾರಿಗೆ ಏನು ನೆನಪಾಗಬೇಕು? ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಹೇಗೂ ತಿರುಗುತ್ತಿರಲಿಲ್ಲ, ಕುರ್ಚಿ ತಿರುಗುತ್ತದೆ. ತಿರುಗಿ ನೋಡಿದರೆ ಪುಸ್ತಕದಲ್ಲೂ ಅದರದೊಂದು ಚಿತ್ರವಿತ್ತು. ಆ ಸಂಜೆ ಅವಳು ಮೆಟ್ಟಿಲು ಹತ್ತಿದ್ದು ಗೊತ್ತೇ ಆಗಲಿಲ್ಲ.

ಅಪ್ಪನ ಮೇಲೆ ಮೊದಲ ಪ್ರಯೋಗ ಬೇಡವೆಂದು ಶಿವಬಸವ್ವನನ್ನು ಕೇಳಿದಳು. ಹಗುರ ಮೈಯ, ನಗೆಮೊಗದ ಮುದುಕಿ; ಶಾಮಲಾಳನ್ನು ಕಂಡರೆ ಜೀವ. ಹೂಂ, ಕುಂಡ್ರತೀನಿ ಬಿಡು, ಅದಕ್ಕೇನು, ಎಂದಳು. ಮಲಕಪ್ಪನ ಮನೆಯಲ್ಲಿ ಕೈಗಳಿದ್ದ ಒಂದು ಕುರ್ಚಿ ಇತ್ತು, ಸ್ವಾಮಿಗಳು ಬಂದರೆ ಮಾತ್ರ ಹೊದಿಸಿದ ಬಟ್ಟೆ ಸರಿಸುವಂಥದು. ಅದನ್ನು ಮುದುಕಿಯೇ ಕೊಡಿಸಿದಳು. ಮಲಕಪ್ಪ ಕೆಳಗೆ ಬೆಲ್ಲ ತೂಗುವ ಗಡಿಬಿಡಿಯಲ್ಲಿದ್ದ. ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಗನಾದ ಹೊಳಬಸಪ್ಪ ಬೆಲ್ಲ ತರಲು ಶಿರೂರಿಗೆ ಹೋಗಿದ್ದ. ಅವನೊಬ್ಬ ಇದ್ದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಕುರ್ಚಿಯ ಎರಡೂ ಬದಿಗೆ ಬಿದಿರು ಬಿಗಿದರು. ಮುದುಕಿಯನ್ನು ಕೂಡ್ರಿಸಿ, ಜಾರಬಾರದೆಂದು ಎದೆಗೆ ಒಂದು ಬಿಳಿ ಪಟ್ಟಿ, ಮೊಣಕಾಲಿಗೆ ಒಂದು. ಇಳಿಯುವಾಗ ತಲೆ ತೂಗಾಡಬಾರದೆಂದು ಹಣೆಗೊಂದು ಪಟ್ಟಿ ಹಾಯಿಸಿ ಕುರ್ಚಿಯ ಬೆನ್ನಿಗೆ ಕಟ್ಟಿದರು. ವಿಭೂತಿ ಹಣೆಯ ಮೇಲೆ ಮುಂಜಾನೆಯಿಂದಲೇ ಇತ್ತು. ತಪಾಸಣೆಯ ದಿನ ಹೇಗೆ ಚೆಂದ ಕಾಣುತ್ತದೋ ಈಗಲೇ ನೋಡೋಣ ಎಂದು ಅಂಬಾ ಶಾಲು ಹೊದಿಸಿದಳು, ತನ್ನ ಮುಡಿಯ ಮಲ್ಲಿಗೆ ದಂಡೆ ತೆಗೆದು ಕುರ್ಚಿಯ ಮೇಲೆ ಇಳಿಬಿಟ್ಟಳು. ಶಾಮಲಾ ದೂರ ನಿಂತು ನೋಡಿ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದಳು.

ನಾಲ್ಕು ಮಂದಿ ಹೊತ್ತು, ಮೊದಲ ಮಾಳಿಗೆಯ ಅಗಲವಾದ ಮೆಟ್ಟಿಲಲ್ಲಿ ಹೆಜ್ಜೆ ತಪ್ಪದೆ ಇಳಿದರು. ಚೌಕದಲ್ಲಿ ಬೆಲ್ಲ ಹೊರುತ್ತಿದ್ದ ಹಮಾಲರು ಚೀಲ ಇಳಿಸಿ, ಮುಂಡಾಸು ತೆಗೆದು, ಗೋಡೆಗೆ ಸರಿದು ನಿಂತರು. ಮಲಕಪ್ಪನ ಹೆಂಡತಿ ಅಡಿಗೆಮನೆಯ ಕಿಟಕಿಯಿಂದ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ಒಂದು ಶಬ್ದ ಮಾಡಿದಳು. ಅದು ಅಳು ಎಂದು ಶಾಮಲಾಗೆ ತಿಳಿಯುವುದರೊಳಗೆ ಶಿರೂರಿನ ಗಾಡಿ ಇಳಿದು ಹೊಳಬಸಪ್ಪ ಬಾಗಿಲಲ್ಲಿ ಕಾಲಿಟ್ಟ. ಇಟ್ಟವನು ಅಲ್ಲೇ ಮಣ್ಣಿನಲ್ಲಿ ಕುಸಿದ.

“ಯಾವಾಗಾತೋ?” ಎಂದು ಫಕೀರಪ್ಪನನ್ನು ಕೇಳಿದ.

“ಈಗಿನ್ನ,” ಎಂದ ಫಕೀರಪ್ಪ. “ಕಟ್ಟಾಕ ಹೊತ್ತಾತು.”

ಹೊಳಬಸಪ್ಪ ಎದೆ ಬಡಿದುಕೊಳ್ಳಲು ಕೈ ಎತ್ತಿದ. ಕುರ್ಚಿಯ ಮೇಲಿನಿಂದ ಶಿವಬಸವ್ವ, ಹಣೆ ಕಟ್ಟಿದ್ದರಿಂದ ಮುಖ ತಿರುಗಿಸಲಾರದೆ, ನೇರ ಮುಂದೆ ನೋಡುತ್ತಲೇ ಮೊಮ್ಮಗನಿಗೆ ಕೇಳಿದಳು: “ಉಂಡ ಬಂದೀಯೇನೋ, ಹೊಳಬಸ್ಯಾ?”

ಆ ಹದಿನೆಂಟರ ಗಟ್ಟಿ ಹುಡುಗ ಕಿರಿಚಿದ್ದು ಓಣಿಯ ತುದಿಯವರೆಗೂ ಕೇಳಿಸಿತು.

ತೂಕ ಬಿಟ್ಟು ಮಲಕಪ್ಪ ಹೊರಗೆ ಬಂದ. ಬಂದವನು ತಾಯಿಯನ್ನು ನೋಡಿದ. ತಾನೇ ಹೋಗಿ ಪಟ್ಟಿಗಳನ್ನು ಬಿಚ್ಚಿದ. ಮೊದಲು ಹಣೆಯದು. ತಾಯಿಯನ್ನು ಎತ್ತಿ ಕಟ್ಟೆಯ ಮೇಲೆ ಕೂಡ್ರಿಸಿ, ಶಾಮಲಾಳ ಮುಖ ನೋಡದೆ, ಅವಳ ಪಕ್ಕದ ಕಂಬಕ್ಕೆ ಹೇಳುವವನಂತೆ ಹೇಳಿದ:

“ನಮ್ಮ ಮಂದಿ ಕಡೀಕ ಹೋಗೂದು ಹಿಂಗ್ರಿ, ಅಕ್ಕೋರ. ಕುಂತು. ಹಿಂಗ ಶಾಲು ಹೊದಸಿ, ಹಿಂಗ ಹೂವ ಹಾಕಿ. ನಮ್ಮಪ್ಪನ್ನ ಇದ ಮೆಟ್ಟಲಾ ಇಳಸೀವಿ.”

ಇನ್ನು ಈ ಚೌಕದಲ್ಲಿ ತಾಲೀಮು ಬೇಡ ಎಂದ. ಕುರ್ಚಿಯನ್ನು ತೊಳೆಸಿ ಒಳಗಿಡಿಸಿದ. ಬೈಯಲಿಲ್ಲ. ಅಂಬಾ ಮಾತ್ರ ಅತ್ತಳು, ಮಲ್ಲಿಗೆಯ ನೆನಪಾಗಿ.

ಶಾಮಲಾ ಮೇಲೆ ಬಂದು ಒಲೆಯ ಮುಂದೆ ಕೂತಳು. ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಿಕ್ಕಂದಿನಲ್ಲಿ ಬೇಸಿಗೆಯ ರಜೆಗೆ ಧಾರವಾಡಕ್ಕೆ ಹೋದಾಗ, ಅತ್ತೆಯ ಸೊಂಟದ ಮೇಲೆ ಕೂತು ನೋಡಿದ್ದಳು: ಹೂವಿನ ನಡುವೆ ಒಬ್ಬರು ಕೂತು ಹೋಗುತ್ತಿದ್ದರು, ಮುಂದೆ ಬಾಜಾ. ದೇವರ ಉತ್ಸವವೆಂದುಕೊಂಡು ಕೈ ಮುಗಿದಿದ್ದಳು. ದೇವರಲ್ಲ, ಹೆಣ ಎಂದು ಅತ್ತೆ ತಿದ್ದಿ ಹೇಳಿದ್ದೂ ನೆನಪಿಗೆ ಬಂತು. ಆದರೆ ಬಿದಿರು ಕಂಡು ಎಲ್ಲರೂ ಸುಮ್ಮನಾದ ಆ ದಿನ, ಹೊಳಬಸಪ್ಪ ಯಾಕೆ ಸುಮ್ಮನಾದ ಎಂದು ಅವಳು ಕೇಳಿಕೊಂಡಿರಲಿಲ್ಲ. ಅವನು ಬರೇ ಉಳಿದವರ ಮುಖ ನೋಡಿ ನಿಂತಿದ್ದ. ತನ್ನ ಮನೆಯ ಹೆದರಿಕೆಯನ್ನೇ ಅವಳು ಲೋಕದ ಹೆದರಿಕೆ ಎಂದುಕೊಂಡಿದ್ದಳು. ಒಂದೇ ಮೆಟ್ಟಿಲು ತುಳಿಯುವ ಮಂದಿ, ಒಂದೇ ನಳದ ನೀರು.

ಶನಿವಾರ ಅರ್ಧ ಶಾಲೆ. ಮನೆಗೆ ಬಂದು ಟ್ರಂಕು ಹೊರಗೆಳೆದಳು. ಸಾಸವಡಕ್ಕೆ ಬಸ್ಸು ಎಷ್ಟು ಹೊತ್ತಿಗೆ, ಅಪ್ಪನನ್ನು ಬಸ್ಸಿಗೆ ಹತ್ತಿಸುವುದು ಹೇಗೆ, ಅದಕ್ಕೂ ಮೊದಲು ಮೆಟ್ಟಿಲು ಇಳಿಸುವುದು ಹೇಗೆ? ಊರು ಬಿಡಬೇಕೆಂದರೂ ಇಳಿಸಲೇಬೇಕಲ್ಲ ಎಂಬುದು ಆಗ ಹೊಳೆದು, ಟ್ರಂಕಿನ ಮುಚ್ಚಳ ಹಿಡಿದುಕೊಂಡೇ ಕೂತುಬಿಟ್ಟಳು.

ಮೆಟ್ಟಿಲಲ್ಲಿ ಯಾರೋ ಏದುಸಿರು ಬಿಡುತ್ತಿದ್ದರು. ಹಗ್ಗ ಕಿರುಗುಟ್ಟಿತು. ಶಿವಬಸವ್ವ ಒಂದೊಂದೇ ಮೆಟ್ಟಿಲಿಗೆ ಕೂತು, ಎದ್ದು, ಕೂತು, ಮೇಲೆ ಬಂದಳು. ಬಂದು ಹೊಸ್ತಿಲ ಮೇಲೆಯೇ ಕಾಲು ಚಾಚಿ ಕೂತಳು. ಶಾಮಲಾ ನೀರು ಕೊಟ್ಟು, ತಪ್ಪಾಯಿತು ಅಜ್ಜಿ, ಎಂದಳು. ಮುದುಕಿ ಕೈಯಾಡಿಸಿಬಿಟ್ಟಳು.

“ಹಣಿಗೆ ಪಟ್ಟಿ ಕಟ್ಟಿದಾಗನ ನನಗ ತಿಳೀತು, ತಂಗಿ.”

“ಮತ್ತ ಯಾಕ ಸುಮ್ಮನಿದ್ರಿ?”

“ಹೇಳೂಣಂದ್ರ, ನೀ ನಗಾಕ್ಹತ್ತಿದ್ದಿ. ನೀ ನಕ್ಕಿದ್ದ ನಾ ನೋಡಿದ್ದಿಲ್ಲ. ಇರ್ಲಿ, ಒಂದ ಸಲಾ ಹೋಗಿ ನೋಡೂಣು ಅಂದೆ. ಬೆನ್ನಿಗೆ ಏನರೆ ಮೆತ್ತಂದು ಹಾಕಬೇಕ ನೋಡು, ಕಟಗಿ ಒತ್ತತೈತಿ. ಮಲಕಪ್ಪಗ ಹೇಳಿಟ್ಟೀನಿ.”

ಒಳಗಿನಿಂದ ಒಂದು ಸಪ್ಪಳ ಬಂತು. ಮಾರ್ತಾಂಡರಾಯರು ನಗುತ್ತಿದ್ದರು, ಅರ್ಧ ಬಾಯಿಯ ನಗು ಕೆಮ್ಮಿನ ಹಾಗೆ ಕೇಳುತ್ತಿತ್ತು. ಮುದುಕಿ ಒಳಗೆ ಇಣುಕಿ, ಏನ್ರಿ ರಾಯರ, ಮೂರು ವರ್ಷಾತು ನಿಮ್ಮ ಮಾರಿ ನೋಡಿ, ಎಂದಳು. ಆಮೇಲೆ ಶಾಮಲಾಳತ್ತ ತಿರುಗಿ, ನಾಳೆ ಸಾಹೇಬ ಬಂದಾಗ ನಾನು ಆ ಕಂಬಳಿ ಮೇಲೆ ಮಲಗತೀನಿ, ಮಲಗಿದ್ರ ನಮಗೇನೂ ಅಂಜಿಕಿಲ್ಲ, ದಿನಾ ರಾತ್ರಿ ಮಲಗೂದ ಐತಲ್ಲ, ಎಂದಳು. ಚೌಕದ ಮಾತು ನನಗ ಬಿಡು, ಮಲಕಪ್ಪ ನನ್ನ ಹೊಟ್ಟಿಯಾಗ ಹುಟ್ಟಿದಾಂವ, ನಾ ಅವನ ಹೊಟ್ಟಿಯಾಗ ಹುಟ್ಟಿಲ್ಲ, ಎಂದಳು. ಕುರ್ಚಿ ಮಾತ್ರ ಅವ ಕೊಡಾಂಗಿಲ್ಲ, ಅದನ್ನ ಕೇಳಬ್ಯಾಡ, ಎಂದೂ ಸೇರಿಸಿದಳು.

ಶಾಮಲಾ ಅಪ್ಪನ ಕಡೆ ನೋಡಿದಳು.

“ಅವ್ರ ಅಂಜಿಕಿ ನನಗಿಲ್ಲ,” ಎಂದರು ರಾಯರು, ನಿಧಾನವಾಗಿ, ಒಂದೊಂದು ಮಾತನ್ನೂ ಬಾಯಿಯ ಒಳ್ಳೆಯ ಕಡೆಯಿಂದ ತಂದು. “ನನ್ನ ಅಂಜಿಕಿ ಅವ್ರಿಗಿಲ್ಲ. ತರಸು ಕುರ್ಚಿ.”

ಕುರ್ಚಿ ಶಾಲೆಯಿಂದ ಬಂತು. ಯಾಕೆ ಬೇಕೆಂದು ಮುಖ್ಯಾಧ್ಯಾಪಕಿ ಕೇಳಿದರು. ಅಪ್ಪನನ್ನು ಕೂಡ್ರಿಸಲು ಎಂದಷ್ಟೇ ಶಾಮಲಾ ಹೇಳಿದಳು. ಹೊಳಬಸಪ್ಪ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಬಂದ. ನಿನ್ನ ತಂದೆ ಏನೆಂದಾರು ಎಂದು ಅವಳು ಕೇಳಿದರೆ, ಇದು ನಮ್ಮ ಕುರ್ಚಿ ಅಲ್ಲಲ್ರಿ, ಎಂದ.

ಆದಿತ್ಯವಾರ ಪಂಢರಿನಾಥರಾವ್ ಬಂದರು. ಮಲಕಪ್ಪ ಬೆಲ್ಲದ ಕೋಣೆಯ ಬಾಗಿಲಲ್ಲಿ ಚೌಕಕ್ಕೆ ಬೆನ್ನು ಮಾಡಿ ನಿಂತಿದ್ದ. ಶಿವಬಸವ್ವ ಎಲೆಯಡಿಕೆ ಜಗಿಯುತ್ತ ಬಿದಿರಿನ ಮೇಲೆ ಮಲಗಿದಳು, ದಾರಿಯುದ್ದಕ್ಕೂ ಹುಡುಗರಿಗೆ ಎಡ ಬಲ ಹೇಳುತ್ತ ಇಳಿದಳು. ಈ ಸಲ ಗೌರಾಬಾಯಿ ತನ್ನ ಬಾಗಿಲು ಮುಂದೆ ಮಾಡಿಕೊಂಡಳು. ಪಂಢರಿನಾಥರಾವ್ ತಲೆಯಾಡಿಸಿ, ಇನ್ನು ಮೇಲಿನವರು ಎಂದರು.

ಅಪ್ಪನನ್ನು ಶಾಮಲಾ ತಾನೇ ಕುರ್ಚಿಗೆ ಕಟ್ಟಿದಳು. ಕಿರಿದಾದ ಮೆಟ್ಟಿಲಲ್ಲಿ ನಾಲ್ವರಿಗೆ ಜಾಗವಿರಲಿಲ್ಲ. ಹೊಳಬಸಪ್ಪ ಕೆಳಗಿನಿಂದ ಕುರ್ಚಿಯ ಕಾಲು ಹಿಡಿದ, ಫಕೀರಪ್ಪ ಮೇಲಿನಿಂದ ಬೆನ್ನು. ಶಾಮಲಾ ಅವರಿಬ್ಬರ ಮುಂದೆ, ಹಿಂದುಮುಂದಾಗಿ ಇಳಿಯುತ್ತ, ಹಗ್ಗ ಹಿಡಿದು. ತಿರುವಿನಲ್ಲಿ ಅಪ್ಪನ ಸತ್ತ ಕೈ ಪಟ್ಟಿಯಿಂದ ಜಾರಿ ಗೋಡೆ ಮತ್ತು ಕುರ್ಚಿಯ ನಡುವೆ ಸಿಕ್ಕಿತು. ಅಪ್ಪನಿಗೆ ಅದು ಗೊತ್ತಾಗುವಂತಿರಲಿಲ್ಲ. ತಡೀರಿ ಎಂದಳು ಶಾಮಲಾ. ಹುಡುಗರಿಗೆ ಕೇಳಿಸಲಿಲ್ಲ, ಇನ್ನೊಂದು ಹೆಜ್ಜೆ ಇಟ್ಟರೆ ಮೂಳೆ ಹೋಗುತ್ತಿತ್ತು. ಆಗ ಅವಳ ಗಂಟಲಿನಿಂದ ಒಂದು ದನಿ ಬಂತು, ಅವಳದೆಂದು ಯಾರೂ ಹೇಳಲಾರದಂಥದು. ಚೌಕದಲ್ಲಿ ಪಂಢರಿನಾಥರಾವ್ ಕೂಡ ನಿಂತಲ್ಲೇ ನಿಂತರು. ಹುಡುಗರು ಕಲ್ಲಾದರು. ಅವಳು ಕೈಯನ್ನು ಬಿಡಿಸಿ ಎದೆಯ ಮೇಲಿಟ್ಟು ಕಟ್ಟಿ, ಹೂಂ ನಡೀರಿ, ಎಂದಳು.

ಪಂಢರಿನಾಥರಾವ್ ಒಪ್ಪಿಕೊಂಡರು. ಇಬ್ಬರೂ ವಾಡೆಯಲ್ಲೇ ಇರಬಹುದು ಎಂದು ಹೇಳಿ, ಚಹಾ ಕುಡಿದು, ಮೊಣಕಾಲು ನೀವಿಕೊಂಡು ಮುಂದಿನ ವಾಡೆಗೆ ಹೋದರು. ಸಾಸವಡ ತಪ್ಪಿತು. ಶಾಮಲಾ ಮೆಟ್ಟಿಲ ಮೇಲೆ ಕೂತಳು.

ಅಪ್ಪ ಚೌಕದ ನಡುವೆ ಕುರ್ಚಿಯಲ್ಲಿ ಕೂತು ಸುತ್ತ ನೋಡುತ್ತಿದ್ದರು. ನಳ ಆ ಗೋಡೆಯಿಂದ ಈ ಗೋಡೆಗೆ ಬಂದಿತ್ತು. ಫಕೀರಪ್ಪನಿಗೆ ಮೀಸೆ ಬಂದಿತ್ತು. ಇದು ಯಾರು ಎಂದು ಅಂಬಾಳನ್ನು ತೋರಿಸಿ ಕೇಳಿದರು; ಪಕ್ಕದ ಖೋಲಿಯ ಹುಡುಗಿ ಬೆಳೆದ ಮೇಲೆ ಅವರು ಅವಳನ್ನು ನೋಡಿರಲಿಲ್ಲ. ಹುಡುಗರು ಊಟಕ್ಕೆ ಹೋದರು. ಬಿಸಿಲು ಸರಿದು ಕುರ್ಚಿಯ ಕಾಲಿಗೆ ಬಂತು. ಶಾಮಲಾ ಅಲ್ಲಿಯೇ ಗಂಗಾಳದಲ್ಲಿ ಅನ್ನ ಕಲಸಿ ತಿನ್ನಿಸಿದಳು.

ಊಟವಾದ ಮೇಲೆ ಹುಡುಗರು ಬಂದು ಕುರ್ಚಿ ಎತ್ತಿದರು. ನಾಲ್ಕು ಮೆಟ್ಟಿಲು ಹತ್ತುವುದರೊಳಗೆ ಇಳಿಸಿದರು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ಬೆಳಗಿನಿಂದ ಹೊತ್ತ ತೋಳುಗಳು ಅವು, ಮೇಲಾಗಿ ಇಳಿಯುವಾಗ ಭಾರವೇ ದಾರಿ ತೋರಿಸುತ್ತದೆ, ಹತ್ತುವಾಗ ಅದೇ ಭಾರ ಹಿಂದಕ್ಕೆ ಜಗ್ಗುತ್ತದೆ. ಶಾಮಲಾ ಪುಸ್ತಕವನ್ನು ಮನಸ್ಸಿನಲ್ಲೇ ತಿರುವಿಹಾಕಿದಳು. ಇಳಿಸುವುದರ ಮೇಲೆ ಎಷ್ಟೋ ಪುಟಗಳಿದ್ದವು. ಇಳಿಸಿದವರನ್ನು ಏರಿಸುವ ಮಾತು ಎಲ್ಲೂ ಇರಲಿಲ್ಲ. ಮನೆ ಸುಟ್ಟೇಹೋಗುತ್ತದೆ ಎಂದು ಬರೆದವರು ಲೆಕ್ಕ ಹಿಡಿದಿದ್ದರೇನೋ.

ಅಪ್ಪ ಒಳ್ಳೆಯ ಕೈಯಿಂದ ಕುರ್ಚಿಯ ಅಂಚು ಹಿಡಿದಿದ್ದರು. ಬೆಳಗ್ಗೆ ಇಲ್ಲದ ಅಂಜಿಕೆ ಈಗ ಮುಖದಲ್ಲಿತ್ತು.

ಬೆಲ್ಲದ ಕೋಣೆಯ ಬಾಗಿಲು ಹಾಕಿ ಬೀಗ ಜಡಿದ ಸಪ್ಪಳ. ಮಲಕಪ್ಪ ಮೆಟ್ಟಿಲ ಬುಡಕ್ಕೆ ಬಂದು ನಿಂತ. ಕುರ್ಚಿ ನೋಡಿದ, ಎದೆಯ ಪಟ್ಟಿ ನೋಡಿದ. ಹೊಳಬಸಪ್ಪ ತಂದೆಯ ಮುಖ ನೋಡಿ ಪಕ್ಕಕ್ಕೆ ಸರಿದ. ಶಾಮಲಾ ಎದ್ದು ನಿಂತಳು. ಕುರ್ಚಿ ನಮ್ಮ ಶಾಲೆಯದ್ರಿ, ಎಂದಳು.

ಮಲಕಪ್ಪ ರುಮಾಲು ತೆಗೆದು ಹೊಳಬಸಪ್ಪನ ಕೈಗೆ ಕೊಟ್ಟ, ಧೋತರ ಕಚ್ಚೆ ಬಿಗಿ ಮಾಡಿಕೊಂಡ. ಬಾಗಿ ಕುರ್ಚಿಯ ಮುಂದಿನ ಕಾಲು ಹಿಡಿಯುತ್ತ ರಾಯರಿಗೆ ಹೇಳಿದ:

“ಎಲ್ಲಾ ಮಂದೀನೂ ಇಳಸೂದ ರೀ ರಾಯರ. ಕುಂತಾರ ಆಗ್ಲಿ, ಮಲಗ್ಯಾರ ಆಗ್ಲಿ. ಸತ್ತವ್ರನ್ನ ಯಾರೂ ಮ್ಯಾಲೆ ಏರಸಂಗಿಲ್ಲ.”

ಬೆಲ್ಲದ ಚೀಲ ಎತ್ತಿ ಬೆಳೆದ ಮೈ. ಅವನು ಕೆಳಗೆ, ಹೊಳಬಸಪ್ಪ ಫಕೀರಪ್ಪ ಮೇಲೆ. ಮೊದಲ ಮಾಳಿಗೆಯಲ್ಲಿ ಇಳಿಸಿ ದಮ್ಮು ತಗೊಂಡರು. ಅಲ್ಲಿ ಶಿವಬಸವ್ವ ಎಲ್ಲರಿಗೂ ಬೆಲ್ಲ ನೀರು ಕೊಟ್ಟಳು. ಗೌರಾಬಾಯಿ ಬಾಗಿಲು ತೆರೆದು ಹೊರಗೆ ಬಂದು, ಫಕೀರ್‍ಯಾ, ಕಾಲು ನೋಡಿ ಇಡು, ಎಂದು ಕೆಳಗಿನಿಂದ ಕೂಗುತ್ತಿದ್ದಳು. ಕಿರಿದಾದ ಮೆಟ್ಟಿಲಲ್ಲಿ ಶಾಮಲಾ ಅಪ್ಪನ ಕೈ ಹಿಡಿದುಕೊಂಡೇ ಹತ್ತಿದಳು, ಎಲ್ಲಿ ನಿಲ್ಲಬೇಕು ಎಲ್ಲಿ ತಿರುಗಬೇಕು ಎಂದು ಹೇಳುತ್ತ. ಮಲಕಪ್ಪ ಅವಳು ಹೇಳಿದಲ್ಲಿ ನಿಂತ, ಹೇಳಿದಲ್ಲಿ ತಿರುಗಿದ.

ಎಲ್ಲರೂ ಹೋದ ಮೇಲೆ ಅಪ್ಪನ ತಲೆದಿಂಬು ಸರಿಮಾಡಿದಳು. ಅಂಗೈ ಉರಿಯುತ್ತಿತ್ತು, ಹಗ್ಗ ಚರ್ಮ ಸುಲಿದದ್ದು ಈಗ ಕಂಡಿತು. ನಾಳೆ ಸೋಮವಾರ, ಐದನೆಯ ಇಯತ್ತೆಯ ಪರೀಕ್ಷೆ, ಬೆಳಿಗ್ಗೆ ಕುರ್ಚಿಯನ್ನು ತಿರುಗಿ ಶಾಲೆಗೆ ಒಯ್ಯಬೇಕು. ಗೋಡೆಗೊರಗಿ ಕಣ್ಣು ಮುಚ್ಚಿದಳು.

“ಶಾಮಲಾ,” ಎಂದರು ಅಪ್ಪ. “ಆ ದರ್ಜಿ ಹುಡುಗ ಛಲೋ ಹುಡುಗ ಇದ್ದಾನ.”

ಹೂಂ ಎಂದಳು.

“ನಳದ ಕಡೆ ಗಾಳಿ ಛಲೋ ಬೀಸ್ತದ.” ಮಗುವಿನಂಥ ಸಂಕೋಚವಿತ್ತು ದನಿಯಲ್ಲಿ. “ನಾಳೆ ಎಷ್ಟೊತ್ತಿಗೆ ಇಳಸ್ತೀರಿ?”

ಶಾಮಲಾ ಕಣ್ಣು ತೆರೆಯಲಿಲ್ಲ. ಕೆಳಗೆ ಮಲಕಪ್ಪ ಯಾರಿಂದಲೋ ಸೊಂಟ ತಿಕ್ಕಿಸಿಕೊಳ್ಳುತ್ತ ನರಳುತ್ತಿದ್ದುದು ಕೇಳಿಸುತ್ತಿತ್ತು. ಹೊಳಬಸಪ್ಪನನ್ನು ಕೇಳಬೇಕು, ಫಕೀರಪ್ಪನ ತಾಯಿಯನ್ನು ಕೇಳಬೇಕು, ಕುರ್ಚಿ ಇನ್ನೊಂದು ವಾರ ಇರಲಿ ಎಂದು ಮುಖ್ಯಾಧ್ಯಾಪಕಿಯನ್ನು ಕೇಳಬೇಕು. ಮಲಕಪ್ಪನನ್ನಂತೂ ಕೇಳಲೇಬೇಕು.

“ಶಾಲಿ ಬಿಟ್ಟು ಬಂದ ಮ್ಯಾಲೆ, ಅಪ್ಪಾ,” ಎಂದಳು. “ಸ್ವಲ್ಪ ಹೊತ್ತಾಗ್ತದ.”